ಕುರ್ಬೆಯ ಊರಿನ ಜನ
ಪ್ಯಾರಿಸ್ಸಿನ ಓರ್ಸೇ ಮ್ಯೂಸಿಯಂಗೆ ಹೋದವರೆಲ್ಲ ಮೊನೆ, ವ್ಯಾನ್ ಗೋ ಚಿತ್ರಗಳು ಅಂತ ಮೇಲಿನ ಮಹಡಿಗಳಿಗೆ ಓಡುತ್ತಾರೆ. ನಾನು ಕೆಳಗೇ, ಫ್ರೆಂಚ್ ಚಿತ್ರಕಾರ ಗುಸ್ತಾವ್ ಕುರ್ಬೆಯ ‘ಓರ್ನಾಂನಲ್ಲಿ ಒಂದು ಶವಸಂಸ್ಕಾರ’ ಚಿತ್ರದ ಮುಂದೆ ನಿಂತುಬಿಟ್ಟೆ. ಅಗಲ 6 ಮೀಟರಿಗೂ ಜಾಸ್ತಿ! ಆಗೆಲ್ಲ ಇಷ್ಟು ದೊಡ್ಡ ಕ್ಯಾನ್ವಾಸು ಅಂದರೆ ರಾಜರಿಗೆ, ಯುದ್ಧಗಳಿಗೆ, ಸಂತರಿಗೆ. ಈತ ಅದರ ತುಂಬ ತನ್ನ ಸಣ್ಣ ಊರು ಓರ್ನಾಂನವರನ್ನೇ ನಿಲ್ಲಿಸಿದ್ದಾನೆ: ಪಾದ್ರಿ, ಮೇಯರ್, ಸ್ವಂತ ತಂಗಿಯರು. 1850ರ ಕೊನೆಯಲ್ಲಿ ಪ್ಯಾರಿಸ್ಸಿನ ‘ಸಲೋನ್’ ಎಂಬ ದೊಡ್ಡ ಕಲಾಪ್ರದರ್ಶನಕ್ಕೆ ಇಟ್ಟಾಗ, ಎಷ್ಟು ಕುರೂಪ ಅಂತ ಹಲವರು ಮೂಗು ಮುರಿದರು.

ಹತ್ತಿರ ಹೋಗಿ ನೋಡಿ. ಕೆಂಪು ನಿಲುವಂಗಿ ತೊಟ್ಟ ಇಬ್ಬರು ಚರ್ಚಿನ ಆಳುಗಳ ಮೂಗೂ ಕೆಂಪು! ಗುಂಡಿ ತೋಡಿದವನು ಮಂಡಿಯೂರಿ ಕಾಯುತ್ತಿದ್ದಾನೆ. ಪಕ್ಕದಲ್ಲೊಂದು ಬಿಳಿ ನಾಯಿ, ಅದಕ್ಕೆ ಗುಂಡಿಯ ಗೊಡವೆಯೇ ಇಲ್ಲ, ಬೇರೆಲ್ಲೋ ನೋಡುತ್ತಿದೆ. ಸಾವಿನ ಮನೆಯಲ್ಲಿ ಎಲ್ಲರೂ ಅಳುತ್ತಾ ಇರಲ್ಲ, ಅಲ್ವಾ? ಬೈದವರಿಗೆ ಉರಿದಿದ್ದೂ ಇದೇ ಇರಬೇಕು.