ಏಳು ಸೀರೆ

ಡಿಸೆಂಬರ್ ಅಂದರೆ ನಮ್ಮ ದೇವದುರ್ಗದ ಕಡೆ ಹತ್ತಿ ಬಿಡಿಸುವ ಕಾಲ. ನಸುಕಿನಲ್ಲೇ ಟಂಟಂ ಗಾಡಿಗಳು ಹೆಣ್ಣಾಳುಗಳನ್ನು ತುಂಬಿಕೊಂಡು ಹೊಲದ ದಾರಿ ಹಿಡಿಯುತ್ತವೆ. ಒಮ್ಮೆ ಹೊಲಕ್ಕೆ ಇಳಿದವರು ಹೊತ್ತು ಮುಳುಗುವವರೆಗೆ ಕೈಗೆ ಸಿಗುವುದಿಲ್ಲ. 2024ರ ಡಿಸೆಂಬರ್ 9, ಸೋಮವಾರ, ಆ ಗಾಡಿಗಳಿಗಿಂತ ಮೊದಲು ನಾನು ದೊಡ್ಡಿ ಮುಟ್ಟಬೇಕಿತ್ತು.

ನಮ್ಮ ಭಾಗದವರಲ್ಲದವರಿಗೆ ದೊಡ್ಡಿ ಅಂದರೆ ಏನೆಂದು ಹೇಳಬೇಕು. ಊರಿನಿಂದ ದೂರ, ಹೊಲಗಳ ನಡುವೆ ಕಟ್ಟಿಕೊಂಡ ಹತ್ತಿಪ್ಪತ್ತು ಮನೆಗಳ ಗುಂಪು ಅದು. ಶಾಲೆ, ಅಂಗನವಾಡಿ, ರೇಷನ್ ಅಂಗಡಿ ಎಲ್ಲ ಊರಲ್ಲಿ. ಆಶಾ ಕಾರ್ಯಕರ್ತೆಯಾಗಿ ನಾನು ನೋಡಿಕೊಳ್ಳುವ ದೊಡ್ಡಿಯಲ್ಲಿ ಹದಿನಾಲ್ಕು ಮನೆಗಳಿವೆ. ಊರಿಂದ ಮೂರು ಕಿಲೋಮೀಟರ್, ನಡುವೆ ಒಂದು ಹಳ್ಳ. ಹಳ್ಳ ತುಂಬಿದರೆ 108 ಗಾಡಿ ಈಚೆ ದಂಡೆಯಲ್ಲೇ ನಿಲ್ಲುತ್ತದೆ.

ಅಂದು ನಾನು ಹೊರಟಿದ್ದ ಮನೆಯ ಸೊಸೆ ಬೆಂಗಳೂರಿಗೆ ದುಡಿಯಲು ಹೋದವಳು, ದೀಪಾವಳಿ ಮುಗಿದ ಮೇಲೆ ಗಂಡನನ್ನು ಅಲ್ಲೇ ಕಟ್ಟಡದ ಕೆಲಸದಲ್ಲಿ ಬಿಟ್ಟು, ಮೂರು ವರ್ಷದ ಮಗಳನ್ನು ಕಟ್ಟಿಕೊಂಡು ಬಂದಿದ್ದಳು. ಬಸುರಿ, ಆರು ತಿಂಗಳು ತುಂಬಿ ಏಳಕ್ಕೆ ಬಿದ್ದಿತ್ತು. ತವರಿನಲ್ಲಿ ತಾಯಿ ಇಲ್ಲ. ಬೆಂಗಳೂರಲ್ಲಿ ಒಂದು ಕಡೆ ಒಂದು ಇಂಜೆಕ್ಷನ್ ಆಗಿತ್ತಂತೆ, ಅದರ ಚೀಟಿ ಶೆಡ್ಡು ಬದಲಿಸುವಾಗ ಕಳೆದಿತ್ತು. ತಾಯಿ ಕಾರ್ಡೇ ಆಗಿರಲಿಲ್ಲ. ಹಿಂದಿನ ಗುರುವಾರ ಚುಚ್ಚುಮದ್ದಿನ ದಿನ ಅವಳನ್ನು ಅಂಗನವಾಡಿಗೆ ಕರೆಸಿ, ಸಿಸ್ಟರ್ ಬೆರಳು ಚುಚ್ಚಿ ಮೀಟರಿಗೆ ಹಿಡಿದರು. 6.8 ಬಂತು. ಇನ್ನೊಂದು ಪಟ್ಟಿ ಹಾಕಿ ನೋಡಿದರು. ಅದೇ 6.8.

ಬಸುರಿಗೆ ಹಿಮೋಗ್ಲೋಬಿನ್ 11 ಇರಬೇಕು. 7ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ. ಅಂಥವಳಿಗೆ ಹೆರಿಗೆಯಲ್ಲಿ ಬೇರೆಯವರು ತಡೆದುಕೊಳ್ಳುವಷ್ಟೇ ರಕ್ತ ಹೋದರೂ ಜೀವಕ್ಕೆ ಬರುತ್ತದೆ.

ಮೀಟರಿನ ಅಂಕಿಯನ್ನು ನಾನು ಯಾವಾಗಲೂ ನನ್ನ ಕಣ್ಣಿಂದಲೇ ನೋಡುತ್ತೇನೆ. ಅದಕ್ಕೆ ಕಾರಣವಿದೆ. ಈ ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಬ್ಬ ಬಸುರಿಯ ಕಾರ್ಡಿನಲ್ಲಿ ಮೂರು ಸಲವೂ 10.2 ಎಂದು ಬರೆದಿತ್ತು. ನಾನು ಅದನ್ನು ನಂಬಿದೆ. ಅವಳ ಕಣ್ಣಿನ ಒಳರೆಪ್ಪೆ ಸುಣ್ಣದಂತಿದ್ದರೂ ಕಾರ್ಡನ್ನೇ ನಂಬಿದೆ. ಹೆರಿಗೆಯಾದ ರಾತ್ರಿ ಅವಳು ಉಳಿಯಲಿಲ್ಲ. ಆಮೇಲೆ ಅವಳ ಅವ್ವನನ್ನು ಕೇಳಿದಾಗ, ಬೆರಳು ಚುಚ್ಚಿದ್ದು ಒಂದು ಸಲವೂ ಇಲ್ಲ ಎಂದಳು. ಆ ಅಂಕಿ ಯಾರು ಬರೆದರು, ಹೇಗೆ ಬರೆದರು ಎಂದು ಬಾಯಿಬಿಟ್ಟು ಕೇಳುವ ಧೈರ್ಯ ಆಗ ನನಗಿರಲಿಲ್ಲ.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರೇ ಬಸುರಿಯರನ್ನು ನೋಡುತ್ತಾರೆ. 2016ರಿಂದ ನಡೆದುಬಂದ ಅಭಿಯಾನ ಅದು. ಅದಕ್ಕೊಂದು ಉದ್ದನೆಯ ಹೆಸರಿದೆ, ನಾವು 'ಒಂಬತ್ತನೇ ತಾರೀಖು' ಅಂತಲೇ ಅನ್ನುವುದು. ಆ ದಿನ ಅವಳನ್ನು ತಾಲ್ಲೂಕು ಆಸ್ಪತ್ರೆಗೆ ಮುಟ್ಟಿಸಲೇಬೇಕು ಎಂದು ಹೊರಟಿದ್ದೆ.

ಮನೆ ಮುಂದೆ ಅತ್ತೆ ಹತ್ತಿ ಚೀಲ ಕೊಡವುತ್ತಿದ್ದಳು. ಆಕೆ ಬರೀ ಅತ್ತೆಯಲ್ಲ, ಆ ದೊಡ್ಡಿಯ ಸೂಲಗಿತ್ತಿ. ನಾನು ಹುಟ್ಟುವ ಮೊದಲಿಂದ ಆ ಸುತ್ತಿನ ಹೆರಿಗೆಗಳನ್ನೆಲ್ಲ ಮಾಡಿಸಿದ ಕೈ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಪೇಪರಿನಲ್ಲಿದ್ದ ಅವರ ಫೋಟೋ ತಂದು ಆಕೆಗೆ ತೋರಿಸಿದ್ದೆ. ಹಿಗ್ಗಬಹುದು ಅಂದುಕೊಂಡಿದ್ದೆ. ಆಕೆ ಬಹಳ ಹೊತ್ತು ನೋಡಿ, "ಈ ಆಯಿ ಕೈಯಾಗ ಯಾರೂ ಸತ್ತಿಲ್ಲೇನು?" ಎಂದು ಕೇಳಿದ್ದಳು. ಅದು ಏನು ಪ್ರಶ್ನೆ ಎಂದು ಆಗ ನನಗೆ ತಿಳಿಯಲಿಲ್ಲ.

"ಹತ್ತಿ ಬಿಡಸೂದು ಇನ್ನ ಎಂಟು ದಿನ ಅದ. ಆಮ್ಯಾಲ ನೋಡಾನ ತಗಿ," ಎಂದಳು. ಕಿಲೋ ಲೆಕ್ಕದ ಕೂಲಿ. ಸೊಸೆ ಬಿಡಿಸಿದಷ್ಟು ಮನೆಗೆ ದುಡ್ಡು. ಅವರು ಬೆಂಗಳೂರಿಗೆ ಹೋಗಿದ್ದೇ ಸಾಲ ತೀರಿಸಲು. ಇದು ನನಗೆ ಗೊತ್ತಿರುವುದರಿಂದ ದೊಡ್ಡ ದನಿಯಲ್ಲಿ ಮಾತಾಡಲು ನನಗೆ ಬಾಯಿ ಬರಲಿಲ್ಲ. ಹತ್ತಿ ಚೀಲದ ಮೇಲೇ ಕೂತೆ.

ಗುಳಿಗೆ ತಗೊಂಡಾಳೇನು ಎಂದು ಕೇಳಿದೆ. ಗುರುವಾರ ಕೊಟ್ಟಿದ್ದ ಕಬ್ಬಿಣಾಂಶದ ಗುಳಿಗೆಗಳು ಗೂಡಿನಲ್ಲಿ ಹಾಗೇ ಇದ್ದವು. "ಅವು ನುಂಗಿದ್ರ ಕೂಸು ದೊಡ್ಡದಾಗ್ತದ, ಹೊರಗ ಬರಲ್ಲ," ಎಂದಳು ಅತ್ತೆ. ನಾನು ನೂರು ಮನೆಗಳಲ್ಲಿ ಕೇಳಿದ ಮಾತು. ಅದನ್ನು ಮೌಢ್ಯ ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಸರ. ಕೂಸು ಅಡ್ಡಬಿದ್ದು, ಎರಡು ದಿನ ಬೇನೆ ತಿಂದು ಸತ್ತವರನ್ನು ಕಣ್ಣಾರೆ ಕಂಡವಳು ದೊಡ್ಡ ಕೂಸಿಗೆ ಅಂಜುವುದರಲ್ಲಿ ತಪ್ಪೇನಿದೆ? ಗುಳಿಗೆ ಕೂಸನ್ನು ಉಬ್ಬಿಸುವುದಿಲ್ಲ, ತಾಯಿಯ ರಕ್ತಕ್ಕೆ ಹೋಗುತ್ತದೆ, ಚಹಾದ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ, ನಿಂಬೆಹಣ್ಣಿನ ನೀರಿನ ಜೊತೆ ಕೊಡು ಎಂದೆ. ಆದರೆ ಗುಳಿಗೆಯ ಹೊತ್ತು ಮೀರಿತ್ತು. 6.8ಕ್ಕೆ, ಏಳನೇ ತಿಂಗಳಲ್ಲಿ, ನರಕ್ಕೇ ಔಷಧಿ ಏರಿಸಬೇಕು.

'ಏರಿಸಬೇಕು' ಎಂಬ ಮಾತು ಬಾಯಿಂದ ಬಿದ್ದದ್ದೇ ತಡ, ಸೊಸೆ ಒಳಗಿನಿಂದ ಬಾಗಿಲಿಗೆ ಬಂದಳು. "ಬಾಟ್ಲಿ ಬ್ಯಾಡ ಅಕ್ಕಾ. ಬಳ್ಳಾರ್ಯಾಗ ಬಾಟ್ಲಿ ಹಾಕಿದ ಬಾಣಂತ್ಯಾರೆಲ್ಲ ಸತ್ತಾರಂತ."

ಅದಾಗಿ ಒಂದು ತಿಂಗಳೂ ಕಳೆದಿರಲಿಲ್ಲ. ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಿದ್ದರು. ಅವರಿಗೆ ಏರಿಸಿದ ದ್ರಾವಣದ ಮೇಲೆ ಅನುಮಾನ ಬಂದು ಸರ್ಕಾರ ಅದರ ಬಳಕೆ ತಡೆದಿತ್ತು. ಟೀವಿಯಲ್ಲಿ ದಿನವಿಡೀ ಅದೇ ಸುದ್ದಿ. ಹನ್ನೆರಡು ವರ್ಷದಿಂದ "ಆಸ್ಪತ್ರೆಗೆ ಬರ್ರಿ, ಅಲ್ಲಿ ಜೀವ ಉಳೀತದ" ಎಂದು ಬಾಗಿಲು ಬಾಗಿಲಿಗೆ ಹೇಳುತ್ತಾ ಬಂದವಳು ನಾನು. ಆ ಮಾತನ್ನು ನಂಬಿ ಹೋದ ಹೆಣ್ಣುಮಕ್ಕಳು ಅವರು. ಆ ಸುದ್ದಿ ಕೇಳಿದ ರಾತ್ರಿ ನನಗೆ ಅನ್ನ ಇಳಿದಿರಲಿಲ್ಲ. ಈಗ ಈ ಹುಡುಗಿಗೆ 'ಏನೂ ಆಗಲ್ಲ' ಎಂದು ಹೇಗೆ ಹೇಳಲಿ?

"ನನಗೂ ಅಂಜಿಕಿ ಆಗ್ಯಾದ," ಎಂದೆ. "ಈ ಔಷಧಿ ಬ್ಯಾರೆ. ಆದ್ರೂ ಡಾಕ್ಟರಿಗೆ ಕೇಳ್ತೀನಿ. ಬಾಟ್ಲಿ ಮ್ಯಾಗಿನ ಹೆಸರು, ತಾರೀಖು ಓದ್ತೀನಿ. ಮುಗಿಯೂತನ ನಿನ್ನ ಬಾಜೂಕೇ ಕುಂದರ್ತೀನಿ." ಅದಕ್ಕಿಂತ ಹೆಚ್ಚಿನದು ನನ್ನ ಬಳಿ ಇರಲಿಲ್ಲ.

ಅಷ್ಟೊತ್ತಿಗೆ ಟಂಟಂ ಬಂದು ಹಾರ್ನ್ ಹೊಡೆಯಿತು. ಮನೆಮನೆಯಿಂದ ಹೆಂಗಸರು ಹೋಗಿ ಹತ್ತಿದರು. ಅತ್ತೆ ಏಳಲಿಲ್ಲ. ಗಾಡಿ ಎರಡನೇ ಸಲ ಹಾರ್ನ್ ಹೊಡೆದು ಹೊರಟುಹೋಯಿತು. ಆಮೇಲೆ ಆಕೆ, ನನ್ನ ಕಡೆ ನೋಡದೆ, ಹೇಳಿದಳು:

"ನಮ್ಮ ತಂಗಿ ಹಡದಾಗ ನಾನೇ ಇದ್ದೆ. ಕೂಸು ಛಲೋ ಬಂತು. ಮಾಸ ಬಿತ್ತು. ಎಲ್ಲ ಆತು ಅಂತ ನಾನು ಕೈ ತೊಳಕೊಂಡೆ. ಆಮ್ಯಾಲ ಹರೀಲಿಕ್ಕೆ ಹತ್ತಿತು. ಒಂದು ಸೀರಿ ಇಟ್ಟೆ, ತೋಯ್ತು. ಇನ್ನೊಂದು ಇಟ್ಟೆ. ಏಳು ಸೀರಿ ತೋಯ್ದವು. ಎಂಟನೇದು ತರಾಕ ಪಕ್ಕದ ಮನಿಗೆ ಓಡಿದ್ದೆ. ಬರೂದ್ರಾಗ ಆಕಿ ಹೋಗಿದ್ದಳು."

ನಾನು ಮಾತಾಡಲಿಲ್ಲ.

"ಎಷ್ಟನೇ ಸೀರಿಗೆ ಗಾಡಿ ಕಟ್ಟಬೇಕಿತ್ತು ಅಂತ ನನಗ ಇವತ್ತಿಗೂ ತಿಳೀವಲ್ದು," ಎಂದಳು.

ಪದ್ಮಶ್ರೀ ಫೋಟೋ ನೋಡಿ ಆಕೆ ಕೇಳಿದ್ದು ಏನೆಂದು ಆಗ ಅರ್ಥವಾಯಿತು.

ಮುಂದಿನ ಮಾತು ಬಹಳವಾಗಲಿಲ್ಲ. ಮೂರು ವರ್ಷದ ಮಗುವನ್ನು ಅತ್ತೆ ತಾನು ಹೊಲಕ್ಕೆ ಕರೆದುಕೊಂಡು ಹೋಗುವುದೆಂದಾಯಿತು. ಬೆಂಗಳೂರಿನಲ್ಲಿದ್ದ ಮಗನಿಗೆ ಫೋನ್ ಹಚ್ಚಿ, "ಕೂಲಿ ಹೋದ್ರ ಹೋಗ್ಲಿ," ಎಂದಷ್ಟೇ ಹೇಳಿ ಇಟ್ಟಳು. ಹಳ್ಳದಾಚೆ ನಿಂತಿದ್ದ ನನ್ನ ಗಂಡನ ಬೈಕಿನಲ್ಲಿ ನಾವಿಬ್ಬರೂ ಬಸ್ ಸ್ಟ್ಯಾಂಡ್ ಮುಟ್ಟಿದೆವು.

ಆಸ್ಪತ್ರೆಯಲ್ಲಿ ನಲವತ್ತಕ್ಕೂ ಹೆಚ್ಚು ಬಸುರಿಯರ ಸಾಲು. ಡಾಕ್ಟರಮ್ಮ ರೆಪ್ಪೆ ಎಳೆದು ನೋಡಿ, ಮತ್ತೆ ರಕ್ತ ಪರೀಕ್ಷೆ ಮಾಡಿಸಿ, ಒಳಗೆ ಸೇರಿಸಿಕೊಂಡರು. ದಿನ ಬಿಟ್ಟು ದಿನ, ಐದು ಸಲ ನರಕ್ಕೆ ಏರಿಸುವ ಕಬ್ಬಿಣಾಂಶ, ಐರನ್ ಸುಕ್ರೋಸ್. ನಾನು ಬಳ್ಳಾರಿಯ ವಿಷಯ ತೆಗೆದಾಗ ಅವರು ಸಿಟ್ಟಾಗಲಿಲ್ಲ. ಸಲೈನ್ ಬಾಟಲಿಯನ್ನು ಕೈಗೇ ಕೊಟ್ಟು, "ಓದಿ ಹೇಳು ಆಕೆಗೆ," ಎಂದರು. ಓದಿದೆ. ಕಂದು ಬಣ್ಣದ ಔಷಧಿ ಸಲೈನಿಗೆ ಬೆರೆತು ಡಿಕಾಕ್ಷನ್ನಿನಂತೆ ಕಾಣುತ್ತಿತ್ತು. ಮೊದಲ ಹನಿ ಇಳಿಯುವಾಗ ಅವಳು ನನ್ನ ಮುಂಗೈ ಹಿಡಿದುಕೊಂಡಳು. ಬಾಟಲಿ ಖಾಲಿಯಾಗಲು ಅರ್ಧ ಗಂಟೆ ಹಿಡಿಯಿತು. ನಾನು ಅವಳ ಮುಖ, ಉಸಿರು, ಕೈಯ ಚರ್ಮ ನೋಡುತ್ತಾ ಕೂತೆ. ಅವಳು ಮಗಳು ಉಂಡಳೋ ಇಲ್ಲವೋ ಎಂಬುದನ್ನೇ ಮೂರು ಸಲ ಕೇಳಿದಳು.

ಜನವರಿ 9ಕ್ಕೆ ಮತ್ತೆ ತೋರಿಸಬೇಕಿತ್ತು. ಆ ಹೊತ್ತಿಗೆ ನಾನು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿದ್ದೆ. ಗೌರವಧನದ ಬೇಡಿಕೆಯಿಟ್ಟು ರಾಜ್ಯದ ಆಶಾಗಳೆಲ್ಲ ಜನವರಿ 7ರಿಂದ ಹಗಲು ರಾತ್ರಿ ಅಲ್ಲೇ ಕೂತಿದ್ದೆವು. ನಾವು ಕೇಳಿದ್ದು 15,000 ರೂಪಾಯಿ. 10ನೇ ತಾರೀಖಿಗೆ, ತಿಂಗಳಿಗೆ ಕನಿಷ್ಠ 10,000 ಸಿಗುತ್ತದೆ ಎಂಬ ಭರವಸೆಯ ಮೇಲೆ ಎದ್ದೆವು. ಹೋರಾಟದ ಬಗ್ಗೆ ಬರೆಯಲು ಇನ್ನೊಂದು ಲೇಖನವೇ ಬೇಕು. ಇಲ್ಲಿ ಹೇಳಬೇಕಾದದ್ದು ಇಷ್ಟು: ಆ ಚಳಿಯಲ್ಲಿ ಕೂತಾಗಲೂ ನನಗೆ ಕೊರೆಯುತ್ತಿದ್ದದ್ದು ದೊಡ್ಡಿಯ ಆ ಹುಡುಗಿ. ಅವಳನ್ನು ಯಾರು ಕರೆದುಕೊಂಡು ಹೋಗುತ್ತಾರೆ?

9ರ ಮಧ್ಯಾಹ್ನ ಫೋನ್ ಬಂತು. ಅತ್ತೆ. ಹೊಲ ಬಿಟ್ಟು, ಸೊಸೆಯನ್ನು ಬಸ್ಸಿನಲ್ಲಿ ಕೂರಿಸಿಕೊಂಡು ತಾನೇ ಹೋಗಿದ್ದಳು. "ಒಂಬತ್ತು ಚುಕ್ಕಿ ಒಂದು ಅಂದಾರ. ನಾ ಮೀಟರ್ ನೋಡೀನಿ, ಅದ್ರಾಗ ಒಂಬತ್ತೇ ಇತ್ತು. ಛಲೋ ಏನು?" ಅಕ್ಷರ ಬಾರದ ಆಕೆ ಅಂಕಿಗಳನ್ನು ಮೊಮ್ಮಗಳ ಪಾಟಿಯಲ್ಲಿ ಗುರುತು ಹಿಡಿದಿದ್ದಳಂತೆ. ಪಕ್ಕದಲ್ಲಿದ್ದ ಹಾವೇರಿಯ ಗೆಳತಿ ನಾನು ಅಳುವುದನ್ನು ನೋಡಿ ಯಾರೋ ಹೋದರೆಂದೇ ತಿಳಿದಳು.

ಮಾರ್ಚ್ ಮೊದಲ ವಾರ ಹೆರಿಗೆಯಾಯಿತು. ತಾಲ್ಲೂಕು ಆಸ್ಪತ್ರೆಯಲ್ಲೇ, ಬೇನೆ ಶುರುವಾದ ಸಂಜೆಯೇ ಹಳ್ಳ ದಾಟಿ ಬಂದಿದ್ದರು. ಗಂಡು ಕೂಸು, ಎರಡೂವರೆ ಕಿಲೋಗೆ ಸ್ವಲ್ಪ ಮೇಲೆ. ಕೂಸು ಬಂದ ಕೂಡಲೇ ಸಿಸ್ಟರ್ ಗರ್ಭಕೋಶ ಬಿಗಿಯಲೆಂದು ತೊಡೆಗೆ ಆಕ್ಸಿಟೋಸಿನ್ ಇಂಜೆಕ್ಷನ್ ಕೊಟ್ಟು, ತಾಯಿಯ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಸರಿಸಿದರು. ಅದರ ತುದಿಗೆ ಚೀಲ, ಚೀಲದ ಮೇಲೆ ಗೆರೆಗಳು, ಗೆರೆಗಳ ಪಕ್ಕ ಅಂಕಿ. ತರಬೇತಿಗೆ ಹೋದಾಗ ತಂದದ್ದಂತೆ.

ಅತ್ತೆ ಒಳಗೇ ಇದ್ದಳು. ಸೊಸೆಯ ತಲೆಯ ಹತ್ತಿರ ನಿಂತಿದ್ದವಳು ಆ ಚೀಲ ಕಂಡು ಕಾಲ ಕಡೆಗೆ ಬಂದಳು.

"ಇದು ರಕ್ತ ಅಳಿಯೂದೇನು?"

"ಹೌದಮ್ಮ. ಐನೂರು ಎಂ.ಎಲ್. ಗೆರೆ ಮುಟ್ಟಿದರೆ ಅಪಾಯ. ಈಕೆಗೆ ರಕ್ತ ಕಡಿಮೆ ಇತ್ತಲ್ಲ, ಅದಕ್ಕಿಂತ ಮುಂಚೆಯೇ ನಾವು ಓಡಬೇಕು," ಎಂದರು ಸಿಸ್ಟರ್.

ಅತ್ತೆ ಬಗ್ಗಿ ಕೂತಳು. ಇನ್ನೂರು. ಇನ್ನೂರೈವತ್ತು. ಸಿಸ್ಟರ್ ಹೊಟ್ಟೆ ಮುಟ್ಟಿ ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ನೋಡುತ್ತಿದ್ದರು, ಅತ್ತೆ ಗೆರೆಯ ಮೇಲಿನ ಕಣ್ಣು ತೆಗೆಯಲಿಲ್ಲ. ಮುನ್ನೂರರ ಹತ್ತಿರ ಬಂದು ನಿಂತಿತು. ಮತ್ತೂ ಬಹಳ ಹೊತ್ತು ಆಕೆ ಏಳಲಿಲ್ಲ.

ಆಮೇಲೆ ಸಿಸ್ಟರ್ ಹೇಳಿದರು, ಇಂಥ ಹಾಳೆಯನ್ನು ರೂಪಿಸಿದವರು ಬೆಳಗಾವಿಯ ಜೆಎನ್‌ಎಂಸಿ ವೈದ್ಯಕೀಯ ಕಾಲೇಜಿನ ವೈದ್ಯರಿದ್ದ ತಂಡವಂತೆ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಮ್ಮ ಸಿಸ್ಟರುಗಳಂಥವರೇ 1,620 ಹೆರಿಗೆಗಳಲ್ಲಿ ಅರ್ಧದಷ್ಟು ತಾಯಂದಿರಿಗೆ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಗುಳಿಗೆ ಕೊಟ್ಟು, ಎಲ್ಲರ ರಕ್ತವನ್ನೂ ಅಳೆದು ನೋಡಿದರು. ಗುಳಿಗೆ ಸಿಗದವರಲ್ಲಿ ನೂರಕ್ಕೆ 12 ಮಂದಿಗೆ ಅತಿಯಾಗಿ ರಕ್ತ ಹೋದರೆ, ಸಿಕ್ಕವರಲ್ಲಿ ಅದು ಹತ್ತಿರ ಹತ್ತಿರ ಅರ್ಧಕ್ಕಿಳಿಯಿತು. 2006ರಲ್ಲಿ ಅದು ಪ್ರಕಟವಾಯಿತು. ಕರ್ನಾಟಕದಲ್ಲಿ 2001–03ರ ಲೆಕ್ಕಕ್ಕೆ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು, 2018–20ರ ಲೆಕ್ಕಕ್ಕೆ ಅದು 69. ತರಬೇತಿಯಲ್ಲಿ ಈ ಅಂಕಿ ಕೇಳಿದಾಗಲೆಲ್ಲ ಎಲ್ಲರೂ ಚಪ್ಪಾಳೆ ತಟ್ಟುತ್ತೇವೆ. ನನಗೆ ಮಾತ್ರ ಆ 69ರಲ್ಲಿ ಒಬ್ಬೊಬ್ಬರ ಕಾರ್ಡಿನಲ್ಲೂ ಏನು ಬರೆದಿತ್ತೋ ಎಂದು ನೋಡಬೇಕೆನಿಸುತ್ತದೆ.

ಅತ್ತೆಗೆ ಬೆಳಗಾವಿಯ ಕಥೆ ಹೇಳಿದೆ. "ಯಾ ವರ್ಷ ಅಂದಿ?" ಎಂದು ಕೇಳಿದಳು. ಹೇಳಿದೆ. ಬೆರಳು ಮಡಿಸಿ ಏನೋ ಎಣಿಸಿ, "ನಮ್ಮ ತಂಗಿ ಅದಕ್ಕಿಂತ ಮೊದಲೇ ಹೋದಳು," ಎಂದಳು.

ಬಾಣಂತನದ ಭೇಟಿಗಳು, ಮೂರನೇ ದಿನದಿಂದ ನಲವತ್ತೆರಡನೇ ದಿನದವರೆಗೆ, ಎಲ್ಲ ಮುಗಿದವು. ಜೂನಿನಲ್ಲಿ ಅವರು ಮತ್ತೆ ಬೆಂಗಳೂರಿಗೆ ಹೊರಟರು. ಕೂಸಿಗೆ ಮೂರು ತಿಂಗಳು. ಬೇಡ ಎನ್ನಲು ನಾನ್ಯಾರು, ಸಾಲ ಇನ್ನೂ ಇತ್ತು. ತಾಯಿ ಕಾರ್ಡಿಗೆ ಪ್ಲಾಸ್ಟಿಕ್ ಹೊದಿಸಿ, ಹಿಂದೆ ನನ್ನ ನಂಬರ್ ಬರೆದುಕೊಟ್ಟೆ.

ಹದಿನೈದು ದಿನಕ್ಕೆ ಅವಳ ಫೋನ್. ಕೂಸು ಆರಾಮ. ಆದರೆ ಪಕ್ಕದ ಶೆಡ್ಡಿನಲ್ಲಿ ಸುರಪುರದ ಕಡೆಯ ಒಬ್ಬಳಿದ್ದಾಳೆ, ಐದು ತಿಂಗಳು, ಎಲ್ಲಿಯೂ ತೋರಿಸಿಲ್ಲ, ಮೆಟ್ಟಿಲು ಹತ್ತಿದರೆ ತೇಕುತ್ತಾಳೆ.

"ಆಕಿ ರೆಪ್ಪಿ ಎಳದು ನೋಡೀನಿ ಅಕ್ಕಾ, ಬೆಳ್ಳಗ ಅದ. ಇಲ್ಲೇ ನನ್ನ ಬಾಜೂಕ ಕುಂತಾಳ. ಫೋನ್ ಕೊಡ್ಲೇನು?"