ಚುಕ್ಕಾಣಿ ಇದ್ದರೂ ಬಲೂನು ಏಕೆ ತಿರುಗಲಿಲ್ಲ?

1783ರ ನವೆಂಬರ್ 21ರಂದು ಮಾಂಟ್‌ಗೋಲ್ಫಿಯೇ ಸಹೋದರರ ಬಿಸಿಗಾಳಿ ಬಲೂನು ಇಬ್ಬರನ್ನು ಹೊತ್ತು ಪ್ಯಾರಿಸಿನ ಮೇಲೆ ಹಾರಿತು. ಏರಿಳಿತ ಬೆಂಕಿಯ ಹತೋಟಿಯಲ್ಲಿತ್ತು. ದಿಕ್ಕು ಮಾತ್ರ ಗಾಳಿಯದು. ಬಲೂನು ಗಾಳಿಯ ವೇಗದಲ್ಲೇ ತೇಲುವುದರಿಂದ ಅದರಲ್ಲಿರುವವರಿಗೆ ಗಾಳಿ ಬೀಸುವುದೇ ತಿಳಿಯದು. ಗಾಳಿ ಬಡಿಯದ ಚುಕ್ಕಾಣಿ ಬರೀ ಹಲಗೆ. ಮೊದಲು ಬೇಕಿದ್ದುದು ಸ್ವಂತ ವೇಗ.

ಗಾಳಿಯ ತಡೆ ಕಡಿಮೆಯಾಗಿ ವೇಗ ಬರಲು ಉದ್ದನೆಯ ಒಡಲು ಬೇಕು. ನನ್ನ ಪ್ರಕಾರ ನಿಜವಾದ ತೊಡಕು ಇಲ್ಲಿದೆ. ಎಂಜಿನ್ನಿನ ಮಾತಿನಲ್ಲಿ ಇದನ್ನು ಎಲ್ಲರೂ ಮರೆಯುತ್ತಾರೆ. ಉದ್ದನೆಯ ಚೀಲದಲ್ಲಿ ಜಲಜನಕದಂಥ ಹಗುರ ಅನಿಲ ತುಸು ಕಡಿಮೆಯಾದರೂ ನಡು ಮಡಚುತ್ತದೆ, ಉಳಿದ ಅನಿಲ ಒಂದು ತುದಿಗೆ ಓಡಿ ಮೂತಿ ಮೇಲೇಳುತ್ತದೆ. ಫ್ರೆಂಚ್ ಸೇನಾ ಎಂಜಿನಿಯರ್ ಮ್ಯೂನಿಯೇ ಸೂಚಿಸಿದ ಪರಿಹಾರ, ಒಳಗೊಂದು ಗಾಳಿಚೀಲ. ಮೇಲೇರುವಾಗ ಅನಿಲ ಹಿಗ್ಗಿದಷ್ಟೂ ಆ ಚೀಲದ ಗಾಳಿ ಹೊರಹೋಗಬೇಕು. ಇಳಿಯುವಾಗ ಮತ್ತೆ ಗಾಳಿ ತುಂಬಬೇಕು. ಹೊರಹೊದಿಕೆ ಸದಾ ಬಿಗಿಯಾಗಿರುತ್ತದೆ. 1784ರ ಜುಲೈನಲ್ಲಿ ರಾಬರ್ಟ್ ಸಹೋದರರು ಇದನ್ನು ಅಳವಡಿಸಿ ಹಾರಿದಾಗ ಒಳಚೀಲವೇ ಅನಿಲ ಹೊರಹೋಗುವ ಬಾಯಿಗೆ ಅಡ್ಡಬಿತ್ತು. ಹೊದಿಕೆ ಒಡೆಯುವ ಸ್ಥಿತಿ ಬಂದು, ಜೊತೆಗಿದ್ದ ಶಾರ್ತ್ರ್‌ನ ಡ್ಯೂಕ್ ಅದನ್ನು ಚುಚ್ಚಿ ತೂತು ಮಾಡಬೇಕಾಯಿತು.

1852ರ ಸೆಪ್ಟೆಂಬರ್ 24ರಂದು ಫ್ರೆಂಚ್ ಎಂಜಿನಿಯರ್ ಆನ್ರಿ ಜಿಫಾರ್ 44 ಮೀಟರ್ ಉದ್ದದ ವಾಯುನೌಕೆಗೆ 3 ಅಶ್ವಶಕ್ತಿಯ ಹಬೆಯಂತ್ರ ಕಟ್ಟಿ ಪ್ಯಾರಿಸಿನಿಂದ ಸುಮಾರು 27 ಕಿಲೋಮೀಟರ್ ಹೋದ. ಉರಿಯುವ ಅನಿಲದ ಕೆಳಗೇ ಕುಲುಮೆ! ಕಿಡಿ ಮೇಲಕ್ಕೆ ಹಾರದಿರಲೆಂದು ಯಂತ್ರವನ್ನು ಬಹಳ ಕೆಳಗೆ ತೂಗುಹಾಕಿ, ಹೊಗೆಕೊಳವೆಯನ್ನು ನೆಲದತ್ತ ತಿರುಗಿಸಿದ್ದ. ವೇಗ ಗಂಟೆಗೆ ಹತ್ತು ಕಿಲೋಮೀಟರಿನಷ್ಟು. ನೌಕೆ ಚುಕ್ಕಾಣಿಯ ಮಾತು ಕೇಳಿತು, ಎದುರುಗಾಳಿಗೆ ಹಿಂತಿರುಗಲಿಲ್ಲ. 1855ರ ಎರಡನೆಯ ನೌಕೆಯಲ್ಲಿ ಅನಿಲ ಕಡಿಮೆಯಾಗಿ ಮೂತಿ ಎದ್ದಿತು. ಚೀಲವೇ ಅದನ್ನು ಹಿಡಿದಿದ್ದ ಬಲೆಯಿಂದ ಜಾರಿಹೋಯಿತು. ಮ್ಯೂನಿಯೇ ಪರಿಹಾರ ಸೂಚಿಸಿದ್ದ ದೋಷವೇ ಅದು.

ಒಡಲು ಅದೇ ಇದ್ದರೆ ವೇಗ ಇಮ್ಮಡಿಸಲು ಎಂಟು ಪಟ್ಟು ಶಕ್ತಿ ಬೇಕು. ಜಿಫಾರನ ಮೊದಲ ನೌಕೆಗಾದರೆ 24 ಅಶ್ವಶಕ್ತಿ. ಫ್ರೆಂಚ್ ಸೇನಾಧಿಕಾರಿಗಳಾದ ಷಾರ್ಲ್ ರೆನಾರ್ ಮತ್ತು ಆರ್ಥರ್ ಕ್ರೆಬ್ಸ್ 'ಲಾ ಫ್ರಾನ್ಸ್' ನೌಕೆಯಲ್ಲಿ ಸುಮಾರು 8 ಅಶ್ವಶಕ್ತಿಯ ವಿದ್ಯುತ್ ಮೋಟಾರಿನಿಂದಲೇ ಆ ವೇಗ ಸಾಧಿಸಿದರು. ವ್ಯಾಸವನ್ನು ಜಿಫಾರನ ನೌಕೆಯ 12ರಿಂದ 8.4 ಮೀಟರಿಗೆ ಇಳಿಸಿದ್ದರಿಂದ ಎದುರಿನ ಹರವು ಅರ್ಧವಾಗಿತ್ತು. ಒಳಚೀಲದಿಂದ ಆಕಾರವೂ ಕೆಡಲಿಲ್ಲ. 1884ರ ಆಗಸ್ಟ್ 9ರಂದು ಅದು 23 ನಿಮಿಷದಲ್ಲಿ 8 ಕಿಲೋಮೀಟರ್ ಸುತ್ತಿ ಹೊರಟ ಜಾಗಕ್ಕೇ ಬಂದಿಳಿಯಿತು. ಮುಂದಿನ ಅಡ್ಡಿ ಬ್ಯಾಟರಿಯ ಭಾರ, 435 ಕೆಜಿ. ದೂರದ ಹಾರಾಟ ಹಗುರವಾದ ಪೆಟ್ರೋಲ್ ಎಂಜಿನ್ನಿಗಾಗಿ ಕಾಯಬೇಕಾಯಿತು.