ಕೊನೆಯ ಕಂತಿನ ರೈಲು

ಹೆಲ್ಸಿಂಕಿಗೆ ಹೋದವರು ಒಲಿಂಪಿಕ್ ಸ್ಟೇಡಿಯಂನ ಗೋಪುರ ನೋಡದೆ ಬರಬಾರದು. ಎತ್ತರ 72.71 ಮೀಟರ್. 1932ರ ಒಲಿಂಪಿಕ್ಸ್‌ನಲ್ಲಿ ಫಿನ್ಲೆಂಡಿನ ಮತ್ತಿ ಯಾರ್ವಿನೆನ್ ಈಟಿ ಎಸೆದು ಚಿನ್ನ ಗೆದ್ದ ದೂರವೂ ಅಷ್ಟೇ! ಲಿಫ್ಟ್‌ನಲ್ಲಿ ಮೇಲೆ ಹೋದೆ. ಕೆಳಗೆ ಕಾಡು, ಕಡಲು, ಸಣ್ಣ ಸಣ್ಣ ದ್ವೀಪಗಳು. ಜೂನ್ ತಿಂಗಳು, ಹೊತ್ತು ಮುಳುಗುವ ಲಕ್ಷಣವೇ ಇರಲಿಲ್ಲ.

ನಾನು ಹುಡುಕಿಕೊಂಡು ಹೋಗಿದ್ದು ಒಂದು ವರ್ಷವನ್ನು. 1952.

ಇಲ್ಲಿ 1940ರಲ್ಲೇ ಒಲಿಂಪಿಕ್ಸ್ ನಡೆಯಬೇಕಿತ್ತು. ಯುದ್ಧ ಬಂತು. ಫಿನ್ಲೆಂಡ್ ಸೋವಿಯತ್ ಒಕ್ಕೂಟಕ್ಕೆ ಸೋತಿತು, ಪೂರ್ವ ಗಡಿಯ ಕರೇಲಿಯಾ ಪ್ರಾಂತ್ಯದ ಬಹುಭಾಗ ಕೈಬಿಟ್ಟಿತು. 4 ಲಕ್ಷಕ್ಕೂ ಹೆಚ್ಚು ಜನ ಮನೆ ಮಠ ಬಿಟ್ಟು ಈ ಕಡೆ ಬಂದರು. ಅವರಿಗೆಲ್ಲ ನೆಲೆ ಕೊಡಬೇಕು. ಅದರ ಮೇಲೆ ಸೋವಿಯತ್ ಒಕ್ಕೂಟಕ್ಕೆ 30 ಕೋಟಿ ಡಾಲರ್ ಯುದ್ಧದಂಡ. ಆಮೇಲೆ ಸ್ವಲ್ಪ ಕಡಿಮೆಯಾಯಿತು, ನಿಜ. ಆದರೆ ಹಣ ಕೊಟ್ಟರೆ ಆಗುವಂತಿರಲಿಲ್ಲ, ಸಾಮಾನೇ ಆಗಬೇಕು. ಮರ, ಕಾಗದ ಮಾರಿ ಬದುಕುತ್ತಿದ್ದ ದೇಶ ಹಡಗು, ರೈಲು ಎಂಜಿನ್, ಯಂತ್ರ ಮಾಡಿ ಗಡಿಯಾಚೆ ಕಳಿಸಿತು. 8 ವರ್ಷ! 40 ಲಕ್ಷ ಜನರ ದೇಶ ಅದು, ನೆನಪಿರಲಿ.

1952ರ ಜೂನ್‌ನಲ್ಲಿ ಇಲ್ಲಿಯ ಹುಡುಗಿ ಅರ್ಮಿ ಕೂಸೆಲಾ ಮೊದಲ ಮಿಸ್ ಯೂನಿವರ್ಸ್ ಆದಳು. ಜುಲೈ 19ರಂದು ಕೊನೆಗೂ ಇಲ್ಲಿ ಒಲಿಂಪಿಕ್ಸ್ ಶುರುವಾಯಿತು, ಇಲ್ಲಿಯ ಹೆಸರಾಂತ ಓಟಗಾರ ಪಾವೊ ನುರ್ಮಿ ಜ್ಯೋತಿ ಹಿಡಿದು ಈ ಮೈದಾನಕ್ಕೆ ಓಡಿ ಬಂದ. ಅಷ್ಟೆಲ್ಲ ಸಂಭ್ರಮ ಇದ್ದರೂ ಕಾಫಿಗೆ ಇನ್ನೂ ರೇಷನ್. ಅದು ಮುಗಿದಿದ್ದು 1954ರಲ್ಲಿ. ಕಾಫಿ ಇಲ್ಲದೆ ಬೆಳಗಾಗದ ಜನ ಇವರು, ನಮ್ಮ ಹಾಗೇ.

ಸ್ಟೇಡಿಯಂ ಪಕ್ಕದಲ್ಲೇ ಆಗಿನ ಮೆಸ್ಸುಹಲ್ಲಿ, ಅಂದರೆ ವಸ್ತುಪ್ರದರ್ಶನದ ಕಟ್ಟಡ ಇದೆ. ಕುಸ್ತಿ ನಡೆದಿದ್ದು ಅಲ್ಲಿ. ನಮ್ಮ ಕೆ. ಡಿ. ಜಾಧವ್ ಕಂಚು ಗೆದ್ದ ಜಾಗ. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಡಿ ಗೆದ್ದುಕೊಟ್ಟ ಮೊದಲ ಪದಕ ಅದು. ಗೋಡೆ ಮುಟ್ಟಿ ಸುಮ್ನೆ ನಿಂತೆ. ಕಣ್ಣು ಮಂಜಾಯಿತು.

ಆದರೆ ಆ ವರ್ಷದ ದೊಡ್ಡ ದಿನ ನನ್ನ ಮಟ್ಟಿಗೆ ಸೆಪ್ಟೆಂಬರ್ 18. ಅತಿಥಿಗಳೆಲ್ಲ ಊರಿಗೆ ಹೋಗಿಯಾಗಿತ್ತು. ದಂಡದ ಕೊನೆಯ ಕಂತು ಹೊತ್ತ ರೈಲು ಅವತ್ತು ವೈನಿಕ್ಕಲದಲ್ಲಿ ಗಡಿ ದಾಟಿತು. ಬಾಕಿ ಚುಕ್ತಾ. ನನಗೆ ನುರ್ಮಿಯ ಜ್ಯೋತಿಗಿಂತ ಆ ಗೂಡ್ಸ್ ರೈಲೇ ಜಾಸ್ತಿ ಹತ್ತಿರ. ಮನೆ ಸಾಲ ತೀರಿಸಿದವರಿಗೆ ಗೊತ್ತಾಗುತ್ತೆ, ಅಲ್ವಾ?

ಸಂಜೆ ಹೆಲ್ಸಿಂಕಿ ಸ್ಟೇಷನ್‌ಗೆ ಹೋದೆ. ರಷ್ಯಾ ಕಡೆಗಿನ ಪ್ರಯಾಣಿಕರ ರೈಲು 2022ರ ಮಾರ್ಚ್‌ನಲ್ಲೇ ನಿಂತಿದೆ. ಆದರೂ ಬೋರ್ಡಿನ ಮುಂದೆ ತುಂಬಾ ಹೊತ್ತು ನಿಂತು, ಪೂರ್ವಕ್ಕೆ ಹೋಗುವ ರೈಲುಗಳ ಹೆಸರು ಓದುತ್ತಿದ್ದೆ.